'ಸಿಗಲಿಲ್ಲ' ಎಂಬ ಕಾಲಂ

ತೊಂಬತ್ತರ ದಶಕದ ನಡುವೆ, ಬಿ.ಎಸ್ಸಿ. ಮುಗಿಸಿ ಮನೆಯಲ್ಲಿ ನೊಣ ಹೊಡೆಯುತ್ತ ಕೂತಿದ್ದ ನನಗೆ ಶಿರಸಿಯಲ್ಲಿ ಒಂದು ಕೆಲಸ ಸಿಕ್ಕಿತು. ದೂರದ ಒಂದು ಮೆಡಿಕಲ್ ಕಾಲೇಜಿನ ಡಾಕ್ಟರಮ್ಮ ಹೆಂಗಸರ ರಕ್ತಹೀನತೆಯ ಮೇಲೆ ಸಂಶೋಧನೆ ನಡೆಸುತ್ತಿದ್ದರು. ಶಿರಸಿ, ಸಿದ್ದಾಪುರ, ಯಲ್ಲಾಪುರದ ಆಯ್ದ ಹಳ್ಳಿಗಳಲ್ಲಿ ಮನೆಮನೆಗೆ ಹೋಗಿ ಹೆಂಗಸರ ಬೆರಳು ಚುಚ್ಚಿ ರಕ್ತ ನೋಡಬೇಕು, ನಾಲ್ಕು ಪುಟ ಪ್ರಶ್ನೆ ಕೇಳಿ ಫಾರ್ಮು ತುಂಬಬೇಕು. ಅದಕ್ಕೆ ಊರಿನ ಮಾತು ಬಲ್ಲ, ಊರಿನವರು ಒಳಗೆ ಕರೆಯುವಂಥ ಹುಡುಗಿ ಬೇಕಾಗಿತ್ತು. ಅಡಿಕೆ ತೋಟದವರ, ಅಂದರೆ ತೋಟಿಗರ ಮನೆಯ ಮಗಳು ನಾನು. ಯಾವ ಮನೆಗೆ ಹೋದರೂ ಐದು ನಿಮಿಷದಲ್ಲಿ ಒಂದು ನೆಂಟಸ್ತಿಕೆ ಹೊರಡುತ್ತಿತ್ತು, ಆಮೇಲೆ ಬೆರಳುಗಳು ತಾವಾಗಿಯೇ ಮುಂದೆ ಬರುತ್ತಿದ್ದವು.

ಬಸ್ ಸ್ಟ್ಯಾಂಡಿನ ಹಿಂದಿನ ಬಾಡಿಗೆ ಕೋಣೆಯೇ ನಮ್ಮ ಆಫೀಸು. ಒಂದು ಮೂಲೆಯಲ್ಲಿ ನನ್ನ ಗಾಜಿನ ಕೊಳವೆಗಳು, ಇನ್ನೊಂದು ಮೂಲೆಯಲ್ಲಿ ಪ್ಲಾಸ್ಟಿಕ್ ಹೊದಿಕೆ ಹೊದ್ದ ಕಂಪ್ಯೂಟರು. ಅದರ ಮುಂದೆ ಕೂರುತ್ತಿದ್ದವನು ಕಂಪ್ಯೂಟರ್ ಕಲಿತು ಬಂದ ಯಲ್ಲಾಪುರದವನು. ನಾನು ತುಂಬಿದ ಫಾರ್ಮುಗಳನ್ನು ಯಂತ್ರಕ್ಕೆ ಉಣ್ಣಿಸುವುದು ಅವನ ಕೆಲಸ. ಕೊನೆಗೆ ಡಾಕ್ಟರಮ್ಮ ವರದಿ ಬರೆಯುತ್ತಾರೆ. ಅದನ್ನು ನೋಡಿಕೊಂಡು ಒಂದು ಅಭಿವೃದ್ಧಿ ಯೋಜನೆಯವರು ಯಾವ ಊರಿಗೆ ಕಬ್ಬಿಣದ ಗುಳಿಗೆ, ಯಾವ ಊರಿಗೆ ಡಾಕ್ಟರ ಶಿಬಿರ ಎಂದು ನಿರ್ಧರಿಸುತ್ತಾರೆ. ಫಾರ್ಮಿನಲ್ಲಿ ನಾನೆಳೆಯುವ ಒಂದು ಗೀಟು ಅಷ್ಟು ದೂರ ಹೋಗುತ್ತದೆ ಎಂಬುದು ಆಗ ನನ್ನ ತಲೆಗೆ ಹೋಗಿರಲಿಲ್ಲ.

ರಕ್ತ ನೋಡುವ ವಿಧಾನ ಸುಲಭದ್ದು. ಗೀಟು ಹಾಕಿದ ಸಣ್ಣ ಕೊಳವೆಯಲ್ಲಿ ಸ್ವಲ್ಪ ಆಮ್ಲ, ಅದಕ್ಕೆ ಅಳತೆಯ ಒಂದು ಚೂರು ರಕ್ತ. ಹತ್ತು ನಿಮಿಷ ಬಿಟ್ಟರೆ ಅದು ಕಡುಕಂದು ಬಣ್ಣಕ್ಕೆ ತಿರುಗುತ್ತದೆ. ಆಮೇಲೆ ಒಂದೊಂದೇ ಹನಿ ನೀರು ಬಿಡುತ್ತ, ಪಕ್ಕದಲ್ಲಿರುವ ಕಂದು ಗಾಜಿನ ಬಣ್ಣಕ್ಕೆ ಸರಿಯಾಗುವ ತನಕ ತೆಳ್ಳಗೆ ಮಾಡಬೇಕು. ರಕ್ತ ಗಟ್ಟಿಯಿದ್ದವರಿಗೆ ತುಂಬ ನೀರು ಬೇಕು, ನೀರಿನ ಮಟ್ಟ ಮೇಲಿನ ಗೀಟಿನ ತನಕ ಏರುತ್ತದೆ. ಇಲ್ಲದವರಿಗೆ ಕೆಳಗೇ ಮುಗಿಯುತ್ತದೆ.

ಫಾರ್ಮಿನ ಮೊದಲ ಪುಟದಲ್ಲಿ ಮನೆಯ ಹೆಂಗಸರ ಪಟ್ಟಿ. ಮದುವೆಗೋ ತವರಿಗೋ ಹೋದವರ ಎದುರು 'ಸಿಗಲಿಲ್ಲ' ಎಂಬ ಕಾಲಮ್ಮಿನಲ್ಲಿ ಒಂದು ಗೀಟು ಎಳೆದರೆ ಆಯಿತು. ನಾನು ಆ ಗೀಟನ್ನು ಇನ್ನೊಂದು ಬಗೆಯ ಹೆಂಗಸರಿಗೂ ಎಳೆಯುತ್ತಿದ್ದೆ. ನಮ್ಮ ಕಡೆಯ ಮನೆಗಳಲ್ಲಿ ತಿಂಗಳ ಮುಟ್ಟಾದವರು ಮೂರು ದಿನ ಬೇರೆ ಕೂರುತ್ತಿದ್ದರು. ಅವರನ್ನು ಮುಟ್ಟಿದರೆ ಮಿಂದೇ ಇನ್ನೊಬ್ಬರ ಮನೆ ಹತ್ತಬೇಕು. ದಿನಕ್ಕೆ ಏಳೆಂಟು ಮನೆ ಮುಗಿಸಬೇಕಾದ ನಾನು ಮೀಯುತ್ತ ಕೂರುವುದು ಹೇಗೆ? ಮನೆಯವರೂ ಕೇಳಲಿಲ್ಲ, ನಾನೂ ಕೇಳಲಿಲ್ಲ. ದೂರ ಕೂತವರನ್ನು ಕಂಡು ನಗುತ್ತಿದ್ದೆ, ಫಾರ್ಮಿನಲ್ಲಿ ಗೀಟು ಎಳೆಯುತ್ತಿದ್ದೆ. ಅದು ಮರ್ಯಾದೆ ಎಂದೇ ತಿಳಿದಿದ್ದೆ.

ಇದರಲ್ಲಿ ನನ್ನದೊಂದು ಕಳ್ಳತನವೂ ಇತ್ತು. ತಿಂಗಳಿಗೆ ಮೂರು ದಿನ ರಜೆ ಕೇಳಿದರೆ ಕೆಲಸ ಉಳಿಯುತ್ತಿರಲಿಲ್ಲ, ಹಾಗಾಗಿ ಕೇಳಲಿಲ್ಲ. ನನ್ನ ಮುಟ್ಟಿನ ದಿನಗಳಲ್ಲೂ ಜನರ ಮನೆಯೊಳಗೆ ಹೋದೆ, ಅಡುಗೆಮನೆಯ ಹೊಸ್ತಿಲ ಮೇಲೆ ಕೂತು ಕಾಫಿ ಕುಡಿದೆ, ದೇವರ ಕೋಣೆಯ ಬಾಗಿಲಿಗೆ ಒರಗಿ ಫಾರ್ಮು ತುಂಬಿದೆ. ಸುಳ್ಳು ಹೇಳಿದ ನಾನು ಒಳಗೆ, ನಿಜ ಹೇಳಿದವಳು ಹೊರಗೆ. ಆಗ ಇದರಲ್ಲಿ ನಾಚಿಕೆಪಡುವಂಥದ್ದು ಕಾಣಲಿಲ್ಲ, ಜಾಣತನವೇ ಕಂಡಿತು.

ಮತ್ತಿಘಟ್ಟದ ಆ ಮನೆಗೆ ಮೊದಲ ಸಲ ಹೋದಾಗ ಜಗಲಿಯ ತುಂಬ ನಗು. ಅತ್ತೆ, ದೊಡ್ಡ ಸೊಸೆ, ಇಬ್ಬರು ಹೆಣ್ಣುಮಕ್ಕಳು ಸಾಲಾಗಿ ಕೂತು, ಒಬ್ಬರ ಬೆರಳು ಚುಚ್ಚುವಾಗ ಇನ್ನೊಬ್ಬರು ಕಿರುಚುತ್ತಿದ್ದರು. ಸಣ್ಣ ಸೊಸೆ ಮಾತ್ರ ಅಂಗಳದ ಆಚೆ, ಕೊಟ್ಟಿಗೆಯ ಪಕ್ಕದ ಕಟ್ಟೆಯ ಮೇಲೆ ಚಾಪೆ ಹಾಕಿ ಕೂತಿದ್ದಳು. ಹೆಚ್ಚುಕಡಿಮೆ ನನ್ನದೇ ವಯಸ್ಸು. ಎಲ್ಲರದೂ ಮುಗಿದ ಮೇಲೆ ಅವಳು ಅಲ್ಲಿಂದಲೇ ಕೈ ಚಾಚಿದಳು.

"ಯನ್ನ ಕೈನೂ ನೋಡ್ತ್ಯನೇ?"

ಜಗಲಿಯಲ್ಲಿದ್ದವರು ನಕ್ಕರು. "ನೀ ಸುಮ್ನಿರೇ ಮಾರಾಯ್ತಿ," ಎಂದರು ಅತ್ತೆ. ನಾನೂ ನಕ್ಕೆ.

"ಮುಂದಿನ ಸಲ ಬಂದಾಗ ನೋಡ್ತೆ ಅತ್ಗೇ," ಎಂದು ಸಾಮಾನು ಚೀಲಕ್ಕೆ ಹಾಕಿಕೊಂಡೆ. ಅವಳ ಕೈ ಸ್ವಲ್ಪ ಹೊತ್ತು ಹಾಗೇ ಇತ್ತು. ಬಿಸಿಲಿನಲ್ಲಿ ಅಂಗೈ ಬೆಳ್ಳಗೆ ಕಂಡಿದ್ದು ನೆನಪಿದೆ, ಆದರೆ ಆಗ ಅದನ್ನು ನೋಡಿದೆನೇ ಹೊರತು ಏನೂ ಯೋಚಿಸಲಿಲ್ಲ.

ಮೂರು ವಾರದ ಮೇಲೆ, ಒಂದು ಮಧ್ಯಾಹ್ನ, ಕಂಪ್ಯೂಟರಿನವನು ಉದ್ದನೆಯ ಪ್ರಿಂಟು ಹರಿದು ಡಾಕ್ಟರಮ್ಮನ ಮೇಜಿನ ಮೇಲೆ ಹಾಸಿದ. ಅವರಿಗೆ ಖುಷಿಯಾಯಿತು. ಶಿರಸಿಯ ಪೂರ್ವಕ್ಕಿರುವ ದಾಸನಕೊಪ್ಪದ ಕಡೆ ರಕ್ತಹೀನತೆ ಹೆಚ್ಚು, ತೋಟಿಗರ ಊರುಗಳಲ್ಲಿ ಕಡಿಮೆ. ಕಾರಣವೂ ಸಿಕ್ಕಿತು: ಹಾಲು, ತುಪ್ಪ, ಎರಡು ಹೊತ್ತಿನ ಊಟ. "ಶಿಬಿರ ಪೂರ್ವದ ಹಳ್ಳಿಗಳಿಗೆ ಮಾತ್ರ ಸಾಕು. ಸೋಮವಾರ ವರದಿ ಕೊಟ್ಟುಬಿಡೋಣ," ಎಂದರು.

ಅವನು ಮಾತ್ರ ಪ್ರಿಂಟಿನ ಒಂದು ಮೂಲೆಯನ್ನೇ ನೋಡುತ್ತಿದ್ದ. ಆಮೇಲೆ ನನ್ನ ಕಡೆ ತಿರುಗಿದ. "ಅಕ್ಕಾ, ಈ 'ಸಿಗಲಿಲ್ಲ' ಹೇಳಿ ಬರೆದವರ ವಯಸ್ಸು ನೋಡಿದ್ರಾ? ಅಜ್ಜಿಯಂದಿರು ಒಬ್ರೋ ಇಬ್ರೋ, ಸಣ್ಣ ಮಕ್ಕಳೂ ಅಷ್ಟೇ. ಉಳಿದವ್ರೆಲ್ಲ ನಡುವಿನವರೇ. ದಾಸನಕೊಪ್ಪದಲ್ಲಿ ನೋಡಿದ್ರೆ ಹೆಚ್ಚುಕಡಿಮೆ ಎಲ್ಲರೂ ಸಿಕ್ಕಿದಾರೆ. ತೋಟದ ಊರಲ್ಲೇ ಇವ್ರೆಲ್ಲ ಎಲ್ಲಿ ಹೋಗ್ತ್ರು?"

ನನಗೆ ದಾಸನಕೊಪ್ಪದಲ್ಲಿ ಒಬ್ಬ ಮನೆಯಾಕೆ ಹೇಳಿದ ಮಾತು ನೆನಪಾಯಿತು: "ಬರ್ರಿ ಅಕ್ಕಾರ, ನಮ್ಮ ಮನ್ಯಾಗ ಯಾರನ್ನೂ ಹೊರಗ ಕುಂದ್ರಸೂ ಪದ್ಧತಿ ಇಲ್ರಿ. ಎಲ್ಲಾರ ಕೈನೂ ನೋಡ್ರಿ." ಅಲ್ಲಿ ಎಲ್ಲರ ಕೈಯನ್ನೂ ನೋಡಿದ್ದೆ. ನಮ್ಮವರ ಮನೆಗಳಲ್ಲಿ ಬಿಟ್ಟದ್ದು ರಕ್ತ ಹೋಗುತ್ತಿದ್ದವರನ್ನೇ. ಅದರಲ್ಲೂ ಮೂರು ದಿನಕ್ಕೆ ನಿಲ್ಲದೆ ಹತ್ತು ಹದಿನೈದು ದಿನ ಹೋಗುವವರು ಯಾವಾಗ ಹೋದರೂ ಹೊರಗೇ ಇರುತ್ತಾರೆ. ನನ್ನ ಕೊಳವೆಗೆ ಅವರು ಎಂದೂ ಬರುವವರಲ್ಲ. ಮತ್ತಿಘಟ್ಟದ ಆ ಬೆಳ್ಳನೆಯ ಅಂಗೈ ಕಣ್ಣೆದುರು ಬಂತು.

ಹೇಳಿಬಿಡಬೇಕಿತ್ತು. ಹೇಳಲಿಲ್ಲ. "ಏನೋ ಕೆಲಸಕ್ಕೆ ಹೋಗಿರ್ತಾರೆ," ಎಂದೆ. ಡಾಕ್ಟರಮ್ಮ ತಲೆಯಾಡಿಸಿ ಪೆನ್ನು ತೆಗೆದುಕೊಂಡರು. ಅವನು ನನ್ನ ಮುಖವನ್ನೇ ನೋಡುತ್ತಿದ್ದ. ಯಲ್ಲಾಪುರದವನಿಗೆ ಹೊರಗೆ ಕೂರುವ ಪದ್ಧತಿ ಗೊತ್ತಿರಲಿಲ್ಲವೆಂದು ನಾನು ಇವತ್ತಿಗೂ ನಂಬಲಾರೆ.

ಮರುದಿನ ಯಾರಿಗೂ ಹೇಳದೆ ಕೊಳವೆಯ ಪೆಟ್ಟಿಗೆ ಹಿಡಿದು ಮತ್ತಿಘಟ್ಟದ ಮೊದಲ ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ನನ್ನನ್ನು ನಾನೇ ಬೈದುಕೊಂಡೆ, ನಡುನಡುವೆ ಸಮಾಧಾನವನ್ನೂ ಹೇಳಿಕೊಂಡೆ. ಅವಳು ಈಗ ಒಳಗೇ ಇರುತ್ತಾಳೆ, ದೋಸೆ ಎರೆಯುತ್ತಿರುತ್ತಾಳೆ, ನನ್ನನ್ನು ಕಂಡು ನಗುತ್ತಾಳೆ ಎಂದು. ಬಸ್ಸು ನಿಂತಲ್ಲೆಲ್ಲ ಡ್ರೈವರನ ಮೇಲೆ ಸಿಟ್ಟು ಬರುತ್ತಿತ್ತು.

ಅತ್ತೆ ನನ್ನನ್ನು ಒಳಗೆ ಕೂರಿಸಿ ಕಾಫಿ ಕೊಟ್ಟರು. ಎರಡು ಗುಟುಕು ಕುಡಿದು, ಸಣ್ಣ ಸೊಸೆ ಎಲ್ಲಿ ಎಂದು ಕೇಳಿದೆ.

"ಎಂತ ಮಾಡದು ತಂಗಿ, ಹೊರಗಿದ್ದು. ನಾಲ್ಕನೇ ದಿನ ಮಿಂದ್ಕಂಡು ಒಳಗೆ ಬತ್ತು, ಮರುದಿನ ಮತ್ತೆ ಹೊರಗೆ. ಕಷಾಯ ಕೊಡ್ತಾ ಇದ್ಯ. ನಿನ್ನೆಯಿಂದ ಎದ್ರೆ ತಲೆ ತಿರಗ್ತು ಹೇಳ್ತು, ಮಲಗೇ ಇದ್ದು."

ನಮ್ಮ ಮಾತಿನಲ್ಲಿ ಹೆಂಗಸರೆಲ್ಲ 'ಅದು', ಎಷ್ಟೇ ಪ್ರೀತಿಯವರಾದರೂ. ಲೋಟ ಕೆಳಗಿಟ್ಟೆ. "ಅತ್ತೆ, ಆನು ಅದ್ರ ರಕ್ತ ನೋಡವು. ಈಗ್ಲೇ."

"ಮುಟ್ಟಡ ಕೂಸೆ." ಅವರ ದನಿಯಲ್ಲಿ ಸಿಟ್ಟಿರಲಿಲ್ಲ. "ಯಂಗೆ ಶಾಸ್ತ್ರ ದೊಡ್ದು ಹೇಳಿ ಅಲ್ಲ. ನೀ ಅದ್ನ ಮುಟ್ಟಿ ಹೋದೆ ಹೇಳಿ ಗೊತ್ತಾದ್ರೆ, ನಾಳಿಂದ ಈ ಕೇರಿಲಿ ಯಾರೂ ನಿನ್ನ ಒಳಗೆ ಕರೀತ್ವಿಲ್ಲೆ. ನಿನ್ನ ಕೆಲಸಕ್ಕೇ ತೊಂದ್ರೆ. ಎರಡು ದಿನ ತಡಿ, ಮಿಂದ್ಕಂಡು ಬರ್ಲಿ."

ಅವರು ಹೇಳಿದ್ದು ಸರಿಯಾಗಿತ್ತು. ಇಷ್ಟು ತಿಂಗಳು ಸೊಂಟ ನೋಯಿಸಿಕೊಂಡು ಗಳಿಸಿದ ವಿಶ್ವಾಸವೆಲ್ಲ ಒಂದೇ ಮುಟ್ಟಿಗೆ ಹೋಗುತ್ತಿತ್ತು. ಕೆಲಸವೂ ಹೋದೀತು. ಎರಡು ದಿನ ಎಂದರೆ ಹೆಚ್ಚೇನಲ್ಲ ಎಂದು ಒಂದು ಕ್ಷಣ ನನ್ನ ಮನಸ್ಸೂ ಹೇಳಿತು. ಹಿಂದೆಯೂ ಹಾಗೇ ಹೇಳಿ ಮುಂದಿನ ಸಲ ಎಂದಿದ್ದೆ. ಬಾಯಿಗೆ ಬಂದದ್ದನ್ನು ಆಡಿಬಿಟ್ಟೆ.

"ಆನೂ ಇವತ್ತು ಹೊರಗೇಯ ಅತ್ತೆ. ಎರಡನೇ ದಿನ. ನಿಮ್ಮನೆ ಒಳಗೆ ಕೂತು ಕಾಪಿ ಕುಡ್ದಾತು. ಆಗದು ಎಲ್ಲಾ ಆಗೋತು. ಇನ್ನು ಆನು ಅದ್ನ ಮುಟ್ಟಿದ್ರೆ ಹೊಸ್ದಾಗಿ ಎಂತದೂ ಆಗ್ತಿಲ್ಲೆ."

ಅದು ಸುಳ್ಳು. ನನ್ನದು ಮುಗಿದು ಹತ್ತು ದಿನವಾಗಿತ್ತು. ನಿಜವಾಗಿದ್ದ ದಿನಗಳಲ್ಲೆಲ್ಲ ತುಟಿ ಬಿಚ್ಚದವಳು, ನಿಜವಲ್ಲದ ದಿನ ಹೇಳಿದೆ. ಅತ್ತೆ ಮೊದಲು ಲೋಟ ನೋಡಿದರು, ಆಮೇಲೆ ನಾನು ಕೂತಿದ್ದ ಮಣೆ, ಆಮೇಲೆ ನನ್ನ ಮುಖ. ಅವರ ಕಣ್ಣಿನಲ್ಲಿ ನಾನು ಮನೆಯ ಹುಡುಗಿಯಾಗಿ ಉಳಿಯಲಿಲ್ಲ ಎಂಬುದು ಅಲ್ಲೇ ತಿಳಿಯಿತು. ಅವರು ಏನಾದರೂ ಹೇಳುವ ಮೊದಲೇ ಪೆಟ್ಟಿಗೆ ಎತ್ತಿಕೊಂಡು ಅಂಗಳಕ್ಕಿಳಿದೆ.

ಅವಳು ಗೋಡೆಯ ಕಡೆ ಮುಖ ಮಾಡಿ ಮಲಗಿದ್ದಳು. ಕೈ ಹಿಡಿದರೆ ತಣ್ಣಗೆ. ಸೂಜಿ ಚುಚ್ಚಿದಾಗ ಬೆರಳು ಕದಲಲಿಲ್ಲ, ಹಿಂಡಿದ ಮೇಲೆ ಬಂದ ಹನಿ ನೀರಾಗಿತ್ತು. ಆಮ್ಲದಲ್ಲಿ ಬಿಟ್ಟು ಗಡಿಯಾರ ನೋಡುತ್ತ ಕೂತೆ. ಹತ್ತು ನಿಮಿಷ. ಅತ್ತೆ ಅಂಗಳದ ನಡುವೆ ನಿಂತೇ ಇದ್ದರು. ಕೊಳವೆಯನ್ನು ಬೆಳಕಿಗೆ ಹಿಡಿದು ಒಂದು ಹನಿ ನೀರು ಬಿಟ್ಟೆ, ಕಲಸಿದೆ. ಎರಡು. ಮೂರು. ಬಣ್ಣ ಆಗಲೇ ಪಕ್ಕದ ಗಾಜಿಗಿಂತ ತೆಳುವಾಗಿತ್ತು. ಇನ್ನೊಂದು ಹನಿ ಬಿಡುವ ಕೆಲಸವೇ ಇರಲಿಲ್ಲ. ನೀರಿನ ಮಟ್ಟ ಇನ್ನೂ ಕೊಳವೆಯ ಬುಡದಲ್ಲಿತ್ತು. ಅಷ್ಟು ಕೆಳಗಿನ ಗೀಟನ್ನು ನಾನು ಅಲ್ಲಿಯವರೆಗೆ ಓದಿಯೇ ಇರಲಿಲ್ಲ. ಕೊಳವೆಯನ್ನು ಪೆಟ್ಟಿಗೆಯಲ್ಲಿಟ್ಟು ಎದ್ದು ನಿಂತೆ.

"ಎಷ್ಟಿದ್ದು?" ಎಂದು ಕೇಳಿದರು ಅತ್ತೆ.

"ಇಲ್ಲೆ ಅತ್ತೆ. ರಕ್ತವೇ ಇಲ್ಲೆ. ಈಗ್ಲೇ ಶಿರಸಿಗೆ ಕರ್ಕಂಡು ಹೋಗವು."

ಅವರು ಪಕ್ಕದ ಮನೆಯ ಜೀಪಿಗೆ ಕೂಗಿದರು, ಒಳಗೆ ಹೋಗಿ ಎರಡು ಸೀರೆ ಗಂಟು ಕಟ್ಟಿ ತಂದರು. ಜೀಪಿನ ಹಿಂದೆ ಅವಳನ್ನು ಮಲಗಿಸುವಾಗ ತಲೆಗೆ ಏನಿಡುವುದೆಂದು ನಾನು ಹುಡುಕುತ್ತಿದ್ದೆ. ಅತ್ತೆ ಹತ್ತಿ ಕೂತು ಸೊಸೆಯ ತಲೆಯನ್ನು ತಮ್ಮ ತೊಡೆಯ ಮೇಲೆ ಎಳೆದುಕೊಂಡರು.

"ಮಿಯ್ಯದು ಮತ್ತೆ ನೋಡನ. ಮೊದ್ಲು ಇದು ಉಳಿಲಿ," ಎಂದರು. ನನ್ನ ಕಡೆ ನೋಡಲಿಲ್ಲ.

ಶಿರಸಿಯ ಆಸ್ಪತ್ರೆಯಲ್ಲಿ, ಇನ್ನೊಂದು ದಿನ ತಡವಾಗಿದ್ದರೆ ಹೃದಯ ಕೈಕೊಡುತ್ತಿತ್ತು ಎಂದರು. ರಕ್ತ ಹೊಂದಿಸಲು ಡಾಕ್ಟರಮ್ಮನೇ ಓಡಾಡಿದರು. ಎಲ್ಲ ಒಂದು ಹದಕ್ಕೆ ಬಂದ ಮೇಲೆ ವರಾಂಡದ ಬೆಂಚಿನ ಮೇಲೆ ಕೂತು ಅವರಿಗೆ ಗೀಟುಗಳ ಕಥೆ ಹೇಳಿದೆ.

"ಮೊದಲೇ ಯಾಕೆ ಹೇಳಲಿಲ್ಲ?"

ನೀವು ಕೇಳಲಿಲ್ಲವಲ್ಲ ಎಂದು ನಾಲಿಗೆ ತುದಿಗೆ ಬಂದಿತ್ತು. ಅವರೂ ಹೆಂಗಸೇ ತಾನೆ.

"ಇಂಥ ಫಾರ್ಮು ಎಷ್ಟಿವೆ?"

"ಎಣಿಸಿಲ್ಲ."

"ಎಣಿಸು," ಎಂದು ಅವರು ಎದ್ದುಹೋದರು.

ಸೋಮವಾರ ವರದಿ ಹೋಗಲಿಲ್ಲ. ಮತ್ತೆ ಊರೂರು ಸುತ್ತಿದೆ. ಅತ್ತೆ ನನ್ನ ಮಾತನ್ನು ಗುಟ್ಟಾಗಿಟ್ಟಿದ್ದರೋ ಇಲ್ಲವೋ ತಿಳಿಯದು, ಆದರೆ ಸುದ್ದಿ ನನಗಿಂತ ಮೊದಲೇ ಹೋಗಿತ್ತು. ಕೆಲವು ಮನೆಯಲ್ಲಿ ಜಗಲಿಯ ತನಕವೂ ಕರೆಯಲಿಲ್ಲ. ಹೇರೂರಿನಲ್ಲಿ ಒಬ್ಬ ಅಜ್ಜಿ ನನ್ನನ್ನು ಅಂಗಳದಲ್ಲೇ ಕೂರಿಸಿ, ಮನೆಯ ಹೆಂಗಸರನ್ನೆಲ್ಲ ಒಬ್ಬೊಬ್ಬರಾಗಿ ಅಲ್ಲಿಗೇ ಕಳಿಸಿದರು. ಕಂಪ್ಯೂಟರಿನವನು ಹೊಸ ಪ್ರಿಂಟು ತೆಗೆದಾಗ ತೋಟಿಗರ ಊರುಗಳ ಸಾಲು ಬೇರೆಯೇ ಕಥೆ ಹೇಳಿತು. ಶಿಬಿರ ನಮ್ಮ ಕಡೆಗೂ ಬರುವುದೆಂದು ನಿಶ್ಚಯವಾಯಿತು.

ಅಂದೇ ಸಂಜೆ ಮತ್ತಿಘಟ್ಟದ ಸಣ್ಣ ಸೊಸೆಯನ್ನು ನೋಡಲು ಹೋದೆ. ಆಸ್ಪತ್ರೆಯಿಂದ ಬಿಟ್ಟ ಮೇಲೆ ಅವಳು ಶಿರಸಿಯಲ್ಲೇ ಚಿಕ್ಕಮ್ಮನ ಮನೆಯಲ್ಲಿದ್ದಳು. ತುಟಿಗೆ ಬಣ್ಣ ಬಂದಿತ್ತು, ದಿಂಬಿಗೆ ಒರಗಿ ಬಟಾಣಿ ಬಿಡಿಸುತ್ತಿದ್ದಳು. ನನಗೆ ಹೇಳಿಕೊಳ್ಳುವ ಆಸೆ ತಡೆಯಲಾಗಲಿಲ್ಲ. ವರದಿ ಹೇಗೆ ಬದಲಾಯಿತು, ಎಷ್ಟು ಮನೆಯಲ್ಲಿ ಬೈಸಿಕೊಂಡೆ, ಶಿಬಿರ ಎಲ್ಲೆಲ್ಲಿಗೆ ಬರುತ್ತದೆ ಎಂದು ಒಂದೇ ಸಮನೆ ಹೇಳಿದೆ. ನಿನ್ನಿಂದಲೇ ಇದೆಲ್ಲ ಆಯಿತು ಎಂದೂ ಹೇಳಿದೆ. ಅವಳು ಬಟಾಣಿ ಬಿಡಿಸುವುದನ್ನು ನಿಲ್ಲಿಸದೆ ಪೂರ್ತಿ ಕೇಳಿದಳು.

"ಅದೆಲ್ಲ ಚೊಲೋ ಆತು," ಎಂದಳು. ಆಮೇಲೆ ತಲೆ ಎತ್ತಿ, ಸಿಟ್ಟಿಲ್ಲದೆ, ಸುಮ್ಮನೆ ತಿಳಿದುಕೊಳ್ಳಲು ಎಂಬಂತೆ ಕೇಳಿದಳು.

"ಆನು ಆವತ್ತೇ ಕೈ ಚಾಚಿದ್ದೆ ಅಲ್ದನೇ?"

ಹೌದು ಎಂದೆ. ಅವಳು ಸಿಪ್ಪೆಯ ಬುಟ್ಟಿಯನ್ನು ನನ್ನ ಕಡೆ ಸರಿಸಿದಳು, ನಾನೂ ಬಟಾಣಿ ಬಿಡಿಸುತ್ತ ಕೂತೆ.