ಬಿಚ್ಚಿದ ಕುಲಾವಿ

ಹೊನ್ನಾವರದ ಪೇಟೆಯಲ್ಲಿ ಉಲ್ಲನ್ನಿನ ಅಂಗಡಿ ಇದೆ ಎಂದರೆ ಘಟ್ಟದ ಮೇಲಿನ ನಮ್ಮ ನೆಂಟರು ನಗುತ್ತಾರೆ. ಬೆವರು ಒರೆಸಿಕೊಳ್ಳುವುದಕ್ಕೇ ಎರಡು ಕೈ ಸಾಲದ ಊರಲ್ಲಿ ಸ್ವೆಟರ್ ಯಾರಿಗೆ ಬೇಕು? ಯಾರಿಗೂ ಬೇಡ. ನಾವು ಹೆಣೆಯುವುದು ಬಾಗಿಲ ತೋರಣ, ಮಿಕ್ಸರಿಗೆ ಮುಸುಕು, ಮೊಬೈಲಿಗೆ ಚೀಲ, ಹುಟ್ಟಿದ ಮಕ್ಕಳಿಗೆ ಕುಲಾವಿ. ಅಂಗಡಿ ನಮ್ಮ ಮನೆಯ ಬಚ್ಚಲಿಗಿಂತ ದೊಡ್ಡದಲ್ಲ. ಬಾಗಿಲ ಪಕ್ಕದಲ್ಲಿ ಒಂದು ಬೆಂಚು. ಸಂಜೆ ನಾಲ್ಕರ ಹೊತ್ತಿಗೆ ಅದರ ಮೇಲೆ ಐದಾರು ಹೆಂಗಸರು ಒತ್ತಿಕೊಂಡು ಕೂತು, ಕ್ರೋಶಾ ಕಡ್ಡಿ ಆಡಿಸುತ್ತ, ಊರ ಸುದ್ದಿಯನ್ನೆಲ್ಲ ಮುಗಿಸಿ ಏಳುತ್ತಾರೆ.

ಅಲ್ಲಿ ನನ್ನನ್ನು ಎಲ್ಲರೂ ಅಕ್ಕೋರು ಎನ್ನುತ್ತಾರೆ. ಮೂವತ್ತು ವರ್ಷ ಪ್ರಾಥಮಿಕ ಶಾಲೆಯಲ್ಲಿ ಕಲಿಸಿದವಳು ನಾನು. ನಮ್ಮ ಕಡೆ ಶಾಲೆಯ ಹೆಂಗಸರಿಗೆ ಅದೇ ಹೆಸರು. ನಿವೃತ್ತಿಯ ದಿನ ಹಾರ ಹಾಕಿ ಕಳಿಸಿದರೇ ಹೊರತು ಕೈಯ ಕೆಂಪು ಪೆನ್ನನ್ನು ಯಾರೂ ಕಸಿದುಕೊಳ್ಳಲಿಲ್ಲ. ಬೆಂಚಿನ ಮೇಲೆ ಕೂತರೂ ನನ್ನ ಕಣ್ಣು ನನ್ನ ಹೆಣಿಗೆಗಿಂತ ಪಕ್ಕದವರ ಹೆಣಿಗೆಯ ಮೇಲೇ ಇರುತ್ತಿತ್ತು.

ಗಲ್ಲಾದ ಹತ್ತಿರ ಒಂದು ಬೆತ್ತದ ಬುಟ್ಟಿ ಇದೆ. ಹೆಣಿಗೆ ಎಲ್ಲಾದರೂ ತೊಡಕಿಕೊಂಡರೆ ಅದನ್ನು ಬುಟ್ಟಿಯಲ್ಲಿಟ್ಟು ಹೋಗುವುದು, ಪುರಸೊತ್ತಿದ್ದವರು ತೆಗೆದು ಸರಿಮಾಡಿ ಮತ್ತೆ ಅಲ್ಲೇ ಇಡುವುದು ಅಂಗಡಿಯ ರೂಢಿ. ಸರಿಮಾಡಿದ್ದು ಯಾರೆಂದು ಯಾರೂ ಕೇಳುವುದಿಲ್ಲ. ನಾನು ಮಾತ್ರ ಕೇಳದಿದ್ದರೂ ಹೇಳುತ್ತಿದ್ದೆ.

ಎರಡು ವರ್ಷದ ಹಿಂದೆ ಆ ಬೆಂಚಿಗೆ ಒಬ್ಬಳು ಹೊಸಬಳು ಸೇರಿದಳು. ಹೊಳೆಯಾಚೆಯ ಕಾಸರಕೋಡಿನವಳು. ಬೆಳಿಗ್ಗೆ ಸೇತುವೆ ದಾಟಿ ಬಂದು ಪೇಟೆಯಲ್ಲಿ ಮೀನು ಮಾರಿ, ಮನೆಗೆ ಹೋಗಿ ಮಿಂದು, ಸಂಜೆಗೆ ಮತ್ತೆ ಬರುತ್ತಿದ್ದಳು. ಮದುವೆಯಾಗಿ ಏಳು ವರ್ಷಕ್ಕೆ ಅವಳ ಮಗಳು ಬಸುರಿಯಾಗಿದ್ದಳು. ಹುಟ್ಟುವ ಮಗುವಿಗೆ ಕುಲಾವಿಯನ್ನು ಪೇಟೆಯಿಂದ ಕೊಳ್ಳುವುದಿಲ್ಲ, ಹೆಣೆಯಲು ಕಲಿತೇ ಹಾಕುತ್ತೇನೆ ಎಂದು ಅವಳ ಹಠ. ಕಲಿಸಿದ್ದು ನಾನೇ. ಮೊದಲ ದಿನವೇ, ಕ್ರೋಶಾ ಕಡ್ಡಿ ಹಿಡಿಯುವುದೆಂದರೆ ಮೀನು ಕೊಯ್ಯುವ ಕತ್ತಿ ಹಿಡಿದ ಹಾಗಲ್ಲ ಎಂದೆ. ಬೆಂಚು ನಕ್ಕಿತು, ಅವಳೂ ನಕ್ಕಳು. ನನಗೆ ಆಗ ಅದು ತಮಾಷೆ ಎನ್ನಿಸಿತ್ತು. ಈಗ ಬರೆಯುವಾಗ ಮುಖ ಬಿಸಿಯಾಗುತ್ತದೆ.

ಅವಳು ಹಳದಿ ಉಲ್ಲನ್ ತಗೊಂಡು ಕುಲಾವಿಯ ನೆತ್ತಿಯ ಸುತ್ತು ಹಾಕಿದ ವಾರವೇ ನನಗೆ ಕುಮಟೆಗೆ ಹೋಗಬೇಕಾಯಿತು. ತಂಗಿಗೆ ಕಣ್ಣಿನ ಆಪರೇಶನ್. ಹತ್ತು ದಿನ ಅವಳ ಕಣ್ಣಿಗೆ ಮದ್ದು ಬಿಟ್ಟು, ಅವಳ ಅಡುಗೆಮನೆಯ ಡಬ್ಬಗಳನ್ನೆಲ್ಲ ನನ್ನ ಕ್ರಮದಂತೆ ಜೋಡಿಸಿ, ಅವಳಿಂದ ಬೈಸಿಕೊಂಡು ವಾಪಸಾದೆ. ಬಂದ ಮಾರನೇ ದಿನ ಬಿಸಿಲು ಇಳಿಯುವ ಮೊದಲೇ ಅಂಗಡಿಗೆ ನಡೆದೆ. ಅಂಗಡಿಯಾಕೆ ಊಟಕ್ಕೆ ಹೋಗಿದ್ದಳು. ಗಲ್ಲಾದಲ್ಲಿ ಅವಳ ಅತ್ತೆ ತೂಕಡಿಸುತ್ತಿದ್ದರು.

ಬುಟ್ಟಿಯಲ್ಲಿ ಆ ಹಳದಿ ಕುಲಾವಿ ಇತ್ತು. ಅಂಚಿನ ಸುತ್ತೊಂದೇ ಬಾಕಿ. ಕೈಗೆ ತಗೊಂಡು ನೋಡಿದರೆ ಒಂದು ಸುತ್ತು ಹಗ್ಗದಷ್ಟು ಬಿಗಿ, ಮುಂದಿನದು ಮೀನಿನ ಬಲೆಯಷ್ಟು ಸಡಿಲ. ಒಂದು ಕಡೆ ಕುಣಿಕೆಗಳು ಸೊಟ್ಟಗೆ ನಡುಗಿಕೊಂಡು ಹೋಗಿದ್ದವು. ಹತ್ತು ದಿನ ನಾನಿಲ್ಲದಿದ್ದರೆ ಇವರ ಗತಿ ಇಷ್ಟೇ ಎಂದುಕೊಂಡೆ. ನಿಜ ಹೇಳಬೇಕೆಂದರೆ ಒಳಗೊಳಗೇ ಖುಷಿಯೂ ಆಯಿತು. ತೂಕಡಿಸುತ್ತಿದ್ದ ಅಜ್ಜಿಯನ್ನು ಎಬ್ಬಿಸಿ ಒಂದು ಮಾತು ಕೇಳಬಹುದಿತ್ತು. ಕೇಳಲಿಲ್ಲ. ದಾರದ ತುದಿ ಹಿಡಿದು ಎಳೆದೆ. ಕ್ರೋಶಾದ ಗುಣವೇ ಅದು: ಹೆಣೆಯಲು ವಾರ, ಬಿಚ್ಚಲು ಎರಡು ನಿಮಿಷ. ನೆತ್ತಿಯ ಸುತ್ತಿನವರೆಗೆ ಬಿಚ್ಚಿದೆ. ಅದೂ ಸರಿಯಿಲ್ಲವೆಂದು ಕಂಡಿತು, ಅದನ್ನೂ ಬಿಚ್ಚಿದೆ.

ನಾಲ್ಕೂವರೆಗೆ ಬೆಂಚು ತುಂಬುವಷ್ಟರಲ್ಲಿ ಹೊಸ ಕುಲಾವಿ ನನ್ನ ಮುಷ್ಟಿಯ ಮೇಲೆ ಕೂತಿತ್ತು. ಅಂಚಿಗೆ ಪುಟ್ಟ ಪುಟ್ಟ ಕಮಾನುಗಳನ್ನೂ ಹಾಕಿದ್ದೆ. ಎತ್ತಿ ತೋರಿಸಿದೆ. ಯಾರೂ ಮಾತಾಡಲಿಲ್ಲ. ಮೆಚ್ಚುಗೆಗೆ ಮಾತು ಹೊರಡುತ್ತಿಲ್ಲ ಎಂದು ನಾನು ತಿಳಿದೆ. ನೋಡಿ ನನ್ನ ಬುದ್ಧಿ.

ಅಷ್ಟರಲ್ಲಿ ಅವಳೂ ಬಂದಳು. ಕುಲಾವಿಯನ್ನು ಕೈಗೆ ತಗೊಂಡು, ಒಳಗು ಹೊರಗು ಮಾಡಿ, ನೆತ್ತಿಯಿಂದ ಅಂಚಿನವರೆಗೆ ಬೆರಳಾಡಿಸಿ ಹುಡುಕಿದಳು.

"ಇಡೀ ಬಿಚ್ಚಿದ್ರಿ?" ಎಂದು ಕೇಳಿದಳು.

"ಬಿಚ್ಚದೆ ಎಂತ ಮಾಡುದು? ಒಂದು ಸುತ್ತಾದ್ರೂ ನೆಟ್ಟಗಿತ್ತಾ?" ಎಂದೆ, ಎಲ್ಲರಿಗೂ ಕೇಳುವ ಹಾಗೆ.

ಅವಳು ಕುಲಾವಿಯನ್ನು ಮಡಚಿ, "ಚಂದ ಆತು ಅಕ್ಕೋರೆ" ಎಂದು ಅದನ್ನು ಚೀಲಕ್ಕೆ ಹಾಕಿಕೊಂಡಳು. ಆಮೇಲೆ ಬೆಂಚಿಗೆ ಬರುವುದು ಕಡಿಮೆಯಾಯಿತು. ಮಗಳ ದಿನ ಹತ್ತಿರ ಬಂತಲ್ಲ, ಪುರಸೊತ್ತಿಲ್ಲ ಎಂದುಕೊಂಡೆ.

ಹೆಣ್ಣು ಮಗು ಹುಟ್ಟಿತು. ಹನ್ನೆರಡನೇ ದಿನ ತೊಟ್ಟಿಲಿಗೆ ಹಾಕುವ ಶಾಸ್ತ್ರಕ್ಕೆ ಬೆಂಚಿನವರನ್ನೆಲ್ಲ ಕರೆದಿದ್ದಳು. ನನ್ನ ಮನೆಗೆ ಬಂದು ಬೇರೆಯಾಗಿ ಹೇಳಿ ಹೋಗಿದ್ದಳು. ನಾವು ಎರಡು ರಿಕ್ಷಾ ಮಾಡಿಕೊಂಡು ಸೇತುವೆ ದಾಟಿ ಹೋದೆವು. ಸಣ್ಣ ಜಗಲಿ, ತುಂಬ ಜನ. ಕುಮಟೆಯಿಂದ ಮಗಳ ಅತ್ತೆಯ ಕಡೆಯವರು ಬಂದಿದ್ದರು. ಮಗುವಿನ ತಲೆಯ ಮೇಲೆ ನನ್ನ ಹಳದಿ ಕುಲಾವಿ. ನಾನು ಚಾಪೆಯ ಮೇಲೆ ಬೆನ್ನು ನೆಟ್ಟಗೆ ಮಾಡಿ ಕೂತೆ.

ಅವಳು ಬೀಗಿತ್ತಿಗೆ ನಮ್ಮನ್ನೆಲ್ಲ ತೋರಿಸಿ ಹೇಳಿದಳು: "ಈ ಕುಲಾವಿ ಅಂಗಡಿಯವ್ರೆಲ್ಲ ಸೇರಿ ಹೆಣೆದದ್ದು. ಒಬ್ಬೊಬ್ರು ಒಂದೊಂದು ಸುತ್ತು. ಕಡೇ ಸುತ್ತು ಅಕ್ಕೋರದ್ದು."

ನಾನು ಬೆಂಚಿನವರ ಮುಖ ನೋಡಿದೆ. ಎಲ್ಲರೂ ಚಾಪೆ ನೋಡುತ್ತಿದ್ದರು. ಪಕ್ಕದಲ್ಲಿದ್ದ ಅಂಗಡಿಯಾಕೆಯನ್ನು ಎಂತ ಇದು ಎಂದು ಮೆಲ್ಲಗೆ ಕೇಳಿದೆ. ಅವಳು ತಲೆ ಎತ್ತದೆಯೇ ಹೇಳಿದಳು. ನಾನು ಕುಮಟೆಯಲ್ಲಿದ್ದಾಗ ಇವಳು ದಿನಕ್ಕೊಬ್ಬರ ಮುಂದೆ ಕುಲಾವಿ ಹಿಡಿದು, ಮಗುವಿಗೆ ನಿಮ್ಮೆಲ್ಲರ ಕೈ ತಾಗಲಿ, ಒಂದು ಸುತ್ತು ಹಾಕಿಕೊಡಿ ಎಂದು ಬೇಡಿದ್ದಳಂತೆ. ತಿಂಗಳಿಗೊಮ್ಮೆ ಬಸ್ಸಿನಲ್ಲಿ ಬಂದು ನಮಾಜಿನ ಟೊಪ್ಪಿಗೆ ದಾರ ಒಯ್ಯುವ ಭಟ್ಕಳದ ಅಜ್ಜಿ ಹಾಕಿದ್ದು ಆ ಬಿಗಿ ಸುತ್ತು. ನಡುಗಿದ ಸುತ್ತು ಅಂಗಡಿಯಾಕೆಯ ಅತ್ತೆಯದು. ನಾಲ್ಕು ವರ್ಷದಿಂದ ಕಡ್ಡಿ ಮುಟ್ಟದವರು ಅವತ್ತು ಮುಟ್ಟಿದ್ದರಂತೆ. ಅಂಚನ್ನು ಮಾತ್ರ ಯಾರಿಗೂ ಕೊಡಲಿಲ್ಲ. ಕಲಿಸಿದವರು ಅವರು, ಮುಗಿಸುವುದೂ ಅವರೇ ಎಂದು ನನಗಾಗಿ ಬುಟ್ಟಿಯಲ್ಲಿಟ್ಟಿದ್ದಳು.

"ಅವತ್ತೇ ಹೇಳುಕೆ ಆಗ್ಲಿಲ್ವಾ?" ಎಂದೆ.

"ಬಿಚ್ಚಿ ಆಗಿತ್ತಲ್ಲ ಅಕ್ಕೋರೆ. ಮತ್ತೆ, ನಿಮಗೆ ಹೇಳುಕೆ ನಮಗೆಲ್ಲ ಹೆದ್ರಿಕೆ."

ಮೂವತ್ತು ವರ್ಷ, ಹೆಸರು ಬರೆಯದ ಪಟ್ಟಿ ಪುಸ್ತಕವನ್ನೂ ಅಕ್ಷರ ನೋಡಿ ಇಂಥ ಮಗುವಿನದು ಎಂದು ಹೇಳುತ್ತಿದ್ದವಳು ನಾನು. ದಿನವೂ ತೊಡೆಗೆ ತೊಡೆ ತಾಗಿಸಿ ಕೂತವರ ಕೈ ನನಗೆ ಗುರುತು ಸಿಕ್ಕಲಿಲ್ಲ. ತಪ್ಪು ಹುಡುಕುವ ಅವಸರದಲ್ಲಿ ಕೈ ಯಾರದೆಂದು ನೋಡುವುದು ಯಾವತ್ತೋ ಬಿಟ್ಟುಹೋಗಿತ್ತು. ಹೆದರಿಕೆ ಎಂಬ ಮಾತನ್ನಂತೂ ನಾನು ಅಷ್ಟು ವರ್ಷ ಮರ್ಯಾದೆ ಎಂದೇ ತಿಳಿದಿದ್ದೆ. ಎದ್ದು ಹೊರಗೆ ಹೋಗಿಬಿಡೋಣ ಎನ್ನಿಸಿತು. ಅಷ್ಟರಲ್ಲಿ ಕಾಸರಕೋಡಿನವಳೇ ಮಗುವನ್ನು ತಂದು ನನ್ನ ಮಡಿಲಲ್ಲಿಟ್ಟಳು.

ಕುಮಟೆಯ ಬೀಗಿತ್ತಿ ಬಗ್ಗಿ ಕುಲಾವಿಯನ್ನು ಬೆರಳಿಂದ ಸವರಿ ನೋಡಿದರು. "ಇಷ್ಟು ಜನ ಸೇರಿ ಹಾಕಿದ್ರೂ ಒಂದೇ ಕೈ ಹೆಣೆದಂಗೆ ಅದೆ, ಅಲ್ವಾ ಅಕ್ಕೋರೆ?" ಎಂದರು.

ಅವಳು ನನ್ನ ಮುಖವನ್ನೇ ನೋಡುತ್ತಿದ್ದಳು. ನಾನು ಹೌದು ಎಂದೆ.