ಟ್ಯಾಂಕರ್ ಬಾರದ ದಿನ ನೆನೆದ ರಸ್ತೆ

ಖರೆ ಹೇಳುತ್ತೇನೆ, ಇಂಥ ಕಥೆ ಯಾರಾದರೂ ಶುರು ಮಾಡಿದರೆ ಚಹಾದ ಕಪ್ಪು ಕೆಳಗಿಟ್ಟು ಎದ್ದು ಹೋಗುತ್ತಿದ್ದವನು ನಾನು. ರಸ್ತೆ ಕೆಲಸದ ಸೂಪರ್‌ವೈಸರ್‌ಗೆ ಕಣ್ಣಿಗೆ ಕಂಡದ್ದಷ್ಟೇ ಖರೆ. ಇದನ್ನು ಓದಿ ನೀವು ನಕ್ಕರೂ ನನಗೆ ಸಿಟ್ಟಿಲ್ಲ. ಆ ಮಧ್ಯಾಹ್ನದವರೆಗೆ ನಾನೂ ನಗುತ್ತಿದ್ದೆ.

ಕೆಲವು ವರ್ಷಗಳ ಹಿಂದೆ ನಿಪ್ಪಾಣಿಯಿಂದ ಭೋಜದ ಕಡೆ ಹೋಗುವ ರಸ್ತೆಯನ್ನು ಅಗಲ ಮಾಡುತ್ತಿದ್ದೆವು. ಒಂದು ಟಿಪ್ಪರ್ ಹಾದರೆ ಸಾಕು, ಎದುರಿನ ಮನುಷ್ಯ ಕಾಣದಷ್ಟು ಧೂಳು. ಅದನ್ನು ಅಡಗಿಸಲು ಟ್ಯಾಂಕರ್‌ನಿಂದ ನೀರು ಹೊಡೆಯುತ್ತಿದ್ದವರು ಬಾಳೂ ಕಾಕಾ. ಎಂಥ ಚಲೋ ಮನುಷ್ಯ ಅಂತೀರಿ! ಹಸಿ ಮಣ್ಣಿನಲ್ಲಿ ಬೈಕಿನವರು ಜಾರಿ ಬೀಳಬಾರದೆಂದು, ಹಿಂದಿನ ಪೈಪಿನ ಎಡತುದಿಯ ತೂತುಗಳಿಗೆ ಹಳೇ ಟ್ಯೂಬು ಸುತ್ತಿ, ಅಂಚಿಗೆ ಎರಡು ಮೊಳ ಒಣ ಪಟ್ಟಿ ಬಿಡುತ್ತಿದ್ದರು. ಬೇರೆ ಯಾವ ಡ್ರೈವರನೂ ಹಾಗೆ ಮಾಡಿದ್ದು ನಾನು ಕಂಡಿಲ್ಲ.

ರಸ್ತೆಗೆ ಅಂಟಿಕೊಂಡೇ ಬೀಡಿ ಕಟ್ಟುವ ಶಾಂತಕ್ಕನ ಮನೆ. ಅವಳ ಎರಡು ತಿಂಗಳ ಮೊಮ್ಮಗಳ ಮೂಗಿಗೆ ಧೂಳು ಹೋದರೆ ಉಸಿರು ಕಟ್ಟುತ್ತಿತ್ತು. ಒಮ್ಮೆ ತುಟಿ ನೀಲಿಯಾಗಿ ದವಾಖಾನೆಗೆ ಓಡಿದ್ದರು. ಇನ್ನೊಮ್ಮೆ ಹೀಗಾದರೆ ಉಳಿಸುವುದು ಕಷ್ಟ ಎಂದು ಡಾಕ್ಟರು ಹೇಳಿದ್ದರು. ಅಂದಿನಿಂದ ಕಾಕಾ ಆ ಮನೆಯ ಮುಂದೆ ತಾಸಿಗೊಮ್ಮೆ ನೀರು ಹೊಡೆಯುತ್ತಿದ್ದರು. "ಕೂಸಿನ ನಿದ್ದಿ ಕೆಡಬಾರದ್ರಿ ಸಾಹೇಬ್ರ" ಎಂದು ಅಲ್ಲಿ ಹಾರ್ನ್ ಕೂಡ ಬಾರಿಸುತ್ತಿರಲಿಲ್ಲ.

ಒಂದು ಸಂಜೆ ಕಾಕಾಗೆ ಹೊಟ್ಟೆನೋವು ಜೋರಾಗಿ, ಆಪರೇಷನ್ನಿಗೆ ಮಿರಜಿನ ದವಾಖಾನೆಗೆ ಒಯ್ದರು. ಜೀಪು ಹತ್ತುವಾಗಲೂ ನನ್ನ ಕೈ ಹಿಡಿದು, "ಶಾಂತಕ್ಕನ ಮನಿ ಮುಂದ ಮಾತ್ರ ನೀರ ತಪ್ಪಸಬ್ಯಾಡ್ರಿ" ಎಂದರು. ನಾನು ಹೂಂ ಎಂದೆ. ಬದಲಿಗೆ ಬಂದ ಡ್ರೈವರ್ ಮೊದಲು ಮಾಡಿದ ಕೆಲಸ, ಆ ಟ್ಯೂಬು ಬಿಚ್ಚಿ ಒಗೆದದ್ದು. ಮರುದಿನ ಬೆಳಿಗ್ಗೆಯೇ ಟ್ಯಾಂಕರಿನ ಪಂಪೂ ಕೆಟ್ಟಿತು. ಟ್ಯಾಂಕರನ್ನು ನಮ್ಮ ಕೆಲಸದ ಕ್ಯಾಂಪಿನಲ್ಲಿ ನಿಲ್ಲಿಸಿ, ಕೀಲಿ ಜೇಬಿಗೆ ಹಾಕಿಕೊಂಡು ನಿಪ್ಪಾಣಿಗೆ ಮೆಕ್ಯಾನಿಕ್ ಹುಡುಕಲು ಹೋದೆ. ಟಿಪ್ಪರ್ ನಿಲ್ಲಿಸಿರೆಂದು ಹೇಳುವುದನ್ನೇ ಮರೆತಿದ್ದೆ, ಮಂಗ್ಯಾನಂಥವನು! ನೆನಪಾದಾಗ ಮಧ್ಯಾಹ್ನ ಮೂರು. ಕೆಲಸದ ಜಾಗದಲ್ಲಿ ಯಾರೂ ಫೋನು ಎತ್ತಲಿಲ್ಲ. ಬೈಕು ಹೇಗೆ ಓಡಿಸಿದೆನೋ ದೇವರೇ ಬಲ್ಲ.

ಬಂದು ನೋಡಿದರೆ ಊರೆಲ್ಲ ಧೂಳು, ಶಾಂತಕ್ಕನ ಮನೆಯ ಮುಂದೆ ಮಾತ್ರ ನೆಲ ತಂಪಾಗಿ ನೆನೆದಿತ್ತು. ಎಡ ಅಂಚಿಗೆ ಎರಡು ಮೊಳ ಒಣ ಪಟ್ಟಿ.

ಶಾಂತಕ್ಕ ಮಲಗಿದ್ದ ಕೂಸನ್ನು ಹೆಗಲಿಗೆ ಹಾಕಿಕೊಂಡು ಬಾಗಿಲಿಗೆ ಬಂದಳು. ಕಾಕಾ ಮಿರಜಿನಲ್ಲಿರುವುದು ಅವಳಿಗೆ ಗೊತ್ತೇ ಇರಲಿಲ್ಲ. "ಈಗರೆ ಕಾಕಾ ನೀರ ಹೊಡದ ಹೋದ್ರ ನೋಡ್ರಿ. ಒಳಗ ಸಪ್ಪಳ ಕೇಳಸ್ತು" ಎಂದಳು.

ಕ್ಯಾಂಪಿಗೆ ಹೋದೆ. ಟ್ಯಾಂಕರ್ ನಿಲ್ಲಿಸಿದಲ್ಲೇ ಇತ್ತು, ಪೈಪು ಒಣಗಿತ್ತು. ಸುತ್ತಲಿನ ಹೊಲದವರನ್ನೆಲ್ಲ ಕೇಳಿದೆ. ಯಾರೂ ನೀರು ಹೊಡೆದಿರಲಿಲ್ಲ. ಕಾಕಾನ ಹೆಂಡತಿಗೆ ಫೋನು ಮಾಡಿದೆ. "ಆಪರೇಷನ್ ಆಗೇತ್ರಿ, ಇನ್ನೂ ಎಚ್ಚರಾಗಿಲ್ಲ" ಎಂದಳು.

ತಿಂಗಳ ಮೇಲೆ ಕಾಕಾ ಕೆಲಸಕ್ಕೆ ಬಂದಾಗ ಎಲ್ಲ ಹೇಳಿದೆ. ನಾನು ಮರೆತದ್ದನ್ನೂ ಮುಚ್ಚಿಡಲಿಲ್ಲ. "ಬಿಸಲಾಗ ತಲಿ ತಿರಗಿತ್ತೇನ್ರಿ ಸಾಹೇಬ್ರ?" ಎಂದು ಹೊಟ್ಟೆಯ ಹೊಲಿಗೆ ಹಿಡಿದುಕೊಂಡು ನಕ್ಕರು. ಆಮೇಲೆ ನಗು ನಿಂತಿತು. ಒಂದೇ ಮಾತು ಕೇಳಿದರು:

"ಅವತ್ತ ಕೂಸು ಮಲ್ಕೊಂಡಿತ್ತೇನ್ರಿ?"

"ಹೂಂ ಕಾಕಾ, ಚಂದಂಗ ಮಲ್ಕೊಂಡಿತ್ತು" ಎಂದೆ.

ಟಾವೆಲಿನಿಂದ ಕಣ್ಣೊರೆಸಿಕೊಂಡು ಟ್ಯಾಂಕರ್ ಹತ್ತಿದರು. ಅದು ಹೇಗಾಯಿತೆಂದು ನಾನು ಆಮೇಲೆ ಕೇಳಲಿಲ್ಲ, ಅವರೂ ಹೇಳಲಿಲ್ಲ. ಇವತ್ತಿಗೂ ನನಗೆ ಗೊತ್ತಿಲ್ಲ.