ಟಾಕಿಯ ಕೆಳಗಿನ ಕೊಪ್ಪರಿಗೆ

ನಿಮ್ಮ ಅಜ್ಜ ಓಡಿಸುತ್ತಿದ್ದದ್ದು ದಂಡಿನವರು ಬಳಸಿ ಬಿಟ್ಟ ಲಾರಿ. ಯುದ್ಧ ಮುಗಿದ ಮೇಲೆ ಅಂಥ ಲಾರಿಗಳು ನಮ್ಮ ಕಡೆ ಮಾರಾಟಕ್ಕೆ ಬಂದವು. ಹೊಸಪೇಟೆಯ ಒಬ್ಬ ಗುತ್ತಿಗೆದಾರರು ಒಂದನ್ನು ಕೊಂಡು, ಸಂಡೂರಿನ ಗುಡ್ಡದ ಅದಿರನ್ನು ಹೊಸಪೇಟೆ ಸ್ಟೇಷನ್ನಿಗೆ ಮುಟ್ಟಿಸುವ ಕೆಲಸಕ್ಕೆ ಹಚ್ಚಿದ್ದರು. ನಾವು ಸಂಡೂರಿನಲ್ಲಿ ಒಂದು ಕೋಣೆ ಬಾಡಿಗೆಗೆ ಹಿಡಿದಿದ್ದೆವು. ನಿಮ್ಮಪ್ಪ ಆಗ ಎರಡು ವರ್ಷದವನು.

ಗುಡ್ಡದ ಮೇಲೆ ರಸ್ತೆ ಎಂಬುದಿರಲಿಲ್ಲ. ಲಾರಿ ಹೋದದ್ದೇ ದಾರಿ. ಅದರ ಪೆಟ್ರೋಲ್ ಟಾಕಿ ಕೆಳಗೆ ಜೋತುಬಿದ್ದಿತ್ತು. ಹಳ್ಳ ದಾಟುವಾಗ, ಬಂಡೆ ಹತ್ತಿಳಿಯುವಾಗ ಕಲ್ಲು ಬಡಿದು ಒಡೆಯುತ್ತಿತ್ತು. ಸೋರುವ ಜಾಗಕ್ಕೆ ಬಟ್ಟೆ ಒಗೆಯುವ ಸಾಬೂನು ಮೆತ್ತಿ ಹೇಗೋ ಊರು ಮುಟ್ಟುತ್ತಿದ್ದರು. ನಮ್ಮ ಮನೆಯಲ್ಲಿ ಸಾಬೂನು ಬಟ್ಟೆಗಿಂತ ಲಾರಿಗೇ ಹೆಚ್ಚು ಸವೆಯುತ್ತಿತ್ತು. ಪೆಟ್ರೋಲು ಚೀಟಿಯ ಮೇಲೆ ಅಳೆದು ಕೊಡುತ್ತಿದ್ದ ಕಾಲ ಅದು. ಮೂರನೆಯ ಸಲ ಟಾಕಿ ಒಡೆದಾಗ ಮಾಲೀಕರು, ಇನ್ನೊಮ್ಮೆ ಹೀಗಾದರೆ ಲಾರಿಯಿಂದ ಇಳಿದುಬಿಡು ಎಂದರಂತೆ. ಇಳಿದರೆ ಅದಿರು ಒಡೆಯುವ ಕೂಲಿಯೇ ಗತಿ. ನಿಮ್ಮ ಅಜ್ಜನಿಗೆ ಹೊಲವಿರಲಿಲ್ಲ, ಅಣ್ಣ ತಮ್ಮಂದಿರಿರಲಿಲ್ಲ. ಸ್ಟೇರಿಂಗ್ ಹಿಡಿಯುವುದೊಂದೇ ಬರುತ್ತಿತ್ತು.

ಟಾಕಿಯ ಕೆಳಗೆ ದಪ್ಪನೆಯ ಕಬ್ಬಿಣದ ಕವಚ ಕಟ್ಟಿದರೆ ಕಲ್ಲು ತಾಗುವುದಿಲ್ಲ ಎಂದು ಅವರಿಗೆ ಹೊಳೆದಿತ್ತು. ಅಂಥ ಕಬ್ಬಿಣ ಕೊಳ್ಳುವ ತ್ರಾಣ ನಮಗಿರಲಿಲ್ಲ. ಆಗ ನಾನೇ ತವರುಮನೆಯ ಕೊಪ್ಪರಿಗೆಯ ಮಾತು ತೆಗೆದೆ. ಕಂಪ್ಲಿಯಲ್ಲಿ ನಮ್ಮಪ್ಪನ ಗಾಣದ ಮನೆಯಲ್ಲಿ ಕಬ್ಬಿನ ಹಾಲು ಕಾಯಿಸುವ ಹಳೆಯ ಕೊಪ್ಪರಿಗೆಯೊಂದು ಅಂಚು ಬಿರುಕು ಬಿಟ್ಟು ಗೋಡೆಗೆ ಒರಗಿತ್ತು. ತಳ ಮಾತ್ರ ಬೆರಳು ದಪ್ಪ, ಗಟ್ಟಿ.

ಕೇಳಲು ಹೋದಾಗ ಅವ್ವ ಒಂದು ಕರಾರು ಹಾಕಿದಳು. ಬೆಲ್ಲ ಕುದ್ದ ಕೊಪ್ಪರಿಗೆಯ ತಳಕ್ಕೆ ತೂತು ಬೀಳಬಾರದು, ಬಿದ್ದರೆ ಎರಡೂ ಮನೆಯ ಸಿರಿ ಸೋರಿಹೋಗುತ್ತದೆ ಎಂಬುದು ನಮ್ಮ ಮನೆಯ ನಂಬಿಕೆ. ಅಂಚು ಬೇಕಾದರೆ ಕತ್ತರಿಸಿಕೊಳ್ಳಿ, ತಳ ಮುಟ್ಟಬೇಡಿ ಎಂದು ನನ್ನ ಕೈ ಹಿಡಿದು ಮಾತು ತೆಗೆದುಕೊಂಡಳು.

ಸಂಡೂರಿನಲ್ಲಿ ಕಮ್ಮಾರರ ಕುಲುಮೆಗೆ ಅದನ್ನು ಒಯ್ದಾಗ ನಾನೂ ಹೋಗಿದ್ದೆ. ಅವರು ವಯಸ್ಸಾದವರು. ನಿಮ್ಮ ಅಜ್ಜ ಅವರನ್ನು ಮಾವ ಎನ್ನುತ್ತಿದ್ದರು. ಅವರು ಕೊಪ್ಪರಿಗೆಯನ್ನು ಮೂಸಿ ನೋಡಿ, "ಇನ್ನೂ ಬೆಲ್ಲದ ವಾಸನಿ ಐತಲ್ಲೋ. ಇರುವಿ ಸಾಲು ಹಿಡದು ನಿನ್ನ ಲಾರಿ ಹಿಂದ ಹೊಸಪ್ಯಾಟಿ ಮಟ ಬರ್ತಾವ ನೋಡು" ಎಂದರು.

ಅಂಚು ಕತ್ತರಿಸಿ, ಉಳಿದ ತಳವನ್ನು ಕಾಯಿಸಿ ಬಡಿದು ಟಾಕಿಗೆ ಹೊಂದುವ ಆಕಾರಕ್ಕೆ ತಂದರು. ಬೋಲ್ಟು ಹಾಕಲು ಬದಿಯಲ್ಲಿ ಕಿವಿಯಂಥ ಪಟ್ಟಿ ಕೂರಿಸಿದರು. ಗಡಗಡ ಸದ್ದಾಗದಿರಲೆಂದು ಟಾಕಿಗೂ ಅದಕ್ಕೂ ನಡುವೆ ಗೋಣಿತಟ್ಟು ಮಡಿಚಿ ತುರುಕುವುದೆಂದಾಯಿತು. ಆಮೇಲೆ ಅವರು ಉಳಿ ಎತ್ತಿಕೊಂಡರು.

"ನಡುವ ಮೂರ್ನಾಕು ತೂತು ಹೊಡೀತೀನಿ. ಹಳ್ಳ ದಾಟಿದಾಗ ಒಳಗ ನೀರು ನಿಲ್ಲಬಾರದು."

ಗಂಡಸರ ಎದುರು ನಾನು ಅದುವರೆಗೆ ಬಾಯಿ ಬಿಟ್ಟವಳಲ್ಲ. ಅಂದು ಬಿಟ್ಟೆ.

"ತಳಕ್ಕ ತೂತು ಬ್ಯಾಡ್ರಿ. ನಮ್ಮವ್ವಗ ಮಾತು ಕೊಟ್ಟೀನಿ."

ಕಮ್ಮಾರರು ನಿಮ್ಮ ಅಜ್ಜನ ಕಡೆ ತಿರುಗಿದರು. "ಏನಪಾ, ಲಾರಿ ಓಡಸಾಂವ ನೀನೋ, ನಿಮ್ಮತ್ತಿನೋ?"

ಅವರು ನಕ್ಕರು. "ಆಕಿ ತಂದದ್ದು, ಆಕಿ ಹೇಳಿದಂಗ ಆಗಲಿ ಬಿಡು ಮಾವ."

ಕಮ್ಮಾರರು ಉಳಿಯನ್ನು ನೆಲಕ್ಕೆ ಇಟ್ಟರು. ಕೊಪ್ಪರಿಗೆಯ ತಳ ತೂತಿಲ್ಲದೆ ಲಾರಿಯ ಕೆಳಗೆ ಕೂತಿತು.

ಐದು ತಿಂಗಳು ಟಾಕಿ ಒಡೆಯಲಿಲ್ಲ. ಅತ್ತೆ ಮನೆಯವರು ಅಳಿಯನಿಗೆ ಬಿಟ್ಟು ಲಾರಿಗೆ ಲಂಗೋಟಿ ಕೊಟ್ಟಿದ್ದಾರೆ ಎಂದು ಉಳಿದ ಡ್ರೈವರುಗಳು ಕಾಡಿಸುತ್ತಿದ್ದರಂತೆ. ಅದನ್ನು ಮನೆಗೆ ಬಂದು ಹೇಳುವಾಗ ಇವರ ಮುಖದಲ್ಲಿ ಸಂತೋಷವಿರುತ್ತಿತ್ತು. ಮಾಲೀಕರೂ ಸುಮ್ಮನಾದರು. ಲಾರಿಯ ಹತ್ತಿರ ಪೆಟ್ರೋಲಿನ ವಾಸನೆ ಜಾಸ್ತಿ ಎಂದು ನನಗೆ ಒಂದೆರಡು ಸಲ ಅನ್ನಿಸಿತ್ತು. ಆದರೆ ಅವರ ಅಂಗಿಗೂ ಅದೇ ವಾಸನೆ, ನಮ್ಮ ಹಾಸಿಗೆಗೂ ಅದೇ. ನೆಲದ ಮೇಲೆ ಒಂದು ಹನಿಯೂ ಬೀಳುತ್ತಿರಲಿಲ್ಲ. ಹನಿ ಕಾಣದಿದ್ದರೆ ಸೋರಿಲ್ಲ ಎಂದೇ ಎಲ್ಲರ ಲೆಕ್ಕ.

ಬೇಸಿಗೆಯ ಒಂದು ಮಧ್ಯಾಹ್ನ ಗುಡ್ಡ ಇಳಿಯುವಾಗ ಲಾರಿಗೆ ಬೆಂಕಿ ಹತ್ತಿತು. ಅದಿರು ತುಂಬಿತ್ತು. ಬಿಟ್ಟು ಹಾರಿದರೆ ಲಾರಿ ಕೆಳಗೆ ಕಲ್ಲು ಒಡೆಯುತ್ತಿದ್ದ ಕೂಲಿಯವರ ಮೇಲೆ ಹೋಗುತ್ತಿತ್ತು. ಅದನ್ನು ಗುಡ್ಡದ ಮಗ್ಗುಲಿಗೆ ಒತ್ತಿ ನಿಲ್ಲಿಸಿದ ಮೇಲೆಯೇ ಅವರು ಇಳಿದದ್ದು. ಅಷ್ಟರಲ್ಲಿ ಸೊಂಟದ ಕೆಳಗೆ ಪೂರಾ ಸುಟ್ಟಿತ್ತು.

ಹೊಸಪೇಟೆ ಆಸ್ಪತ್ರೆಯಲ್ಲಿ ಎರಡು ದಿನ ಇದ್ದರು. ಆ ನಡುವೆ ಕಮ್ಮಾರರು ಸುಟ್ಟ ಲಾರಿಯ ಅಡಿಗೆ ತೂರಿ ಬೋಲ್ಟು ಬಿಚ್ಚಿ ನೋಡಿ ಬಂದು, ನನ್ನನ್ನು ಹೊರಗೆ ಕರೆದು ಹೇಳಿದರು. ಕೊಪ್ಪರಿಗೆಯೊಳಗೆ ಅದಿರಿನ ಪುಡಿ ಸೇರಿ, ಹೋಗಲು ದಾರಿಯಿಲ್ಲದೆ ತಿಂಗಳುಗಟ್ಟಲೆ ಟಾಕಿಯನ್ನು ಉಜ್ಜಿದೆ. ಸಾಸಿವೆ ಕಾಳಿನಷ್ಟು ತೂತು ಬಿದ್ದು, ಇಳಿದ ಪೆಟ್ರೋಲೆಲ್ಲ ಕೆಳಗೆ ಬೀಳದೆ ಅಲ್ಲೇ ನಿಂತಿದೆ. ಪಕ್ಕದಲ್ಲೇ ಇಂಜಿನ್ನಿನ ಕಾದ ಹೊಗೆಕೊಳವೆ. ಅವರು ನನ್ನನ್ನು ಬಯ್ಯಲಿಲ್ಲ. "ನಾ ನಿನ್ನ ಮಾತು ಕೇಳಬಾರದಿತ್ತು ಯವ್ವಾ" ಎಂದಷ್ಟೇ ಹೇಳಿ, ಬಸ್ಸಿಗೂ ಕಾಯದೆ ನಡೆದುಹೋದರು.

ನಾನು ಒಳಗೆ ಬಂದಾಗ ನಿಮ್ಮ ಅಜ್ಜನಿಗೆ ಎಚ್ಚರವಿತ್ತು. "ಟಾಕಿಗೆ ಕಲ್ಲು ಹತ್ತಿಲ್ಲ. ಮಾಲಕರಿಗೆ ಹೇಳು. ಕೆಲಸದಿಂದ ತಗೀಬಾರದು" ಎಂದರು. ಹೇಳುತ್ತೇನೆ ಎಂದೆ. ಕಮ್ಮಾರರು ಹೇಳಿದ್ದನ್ನು ಅವರಿಗೆ ತಿಳಿಸಲಿಲ್ಲ.

ಮಣ್ಣು ಮಾಡಿದ ಮರುದಿನ ಮಾಲೀಕರು ಮನೆಗೆ ಬಂದರು. ಕಟ್ಟೆಯ ಮೇಲೆ ಕೂತು ನೆರೆದವರಿಗೆ, ಒಳ್ಳೆಯ ಡ್ರೈವರು, ಆದರೆ ಬೀಡಿ ಸೇದುತ್ತ ಓಡಿಸಿ ಜೀವವನ್ನೂ ಲಾರಿಯನ್ನೂ ಕಳೆದ ಎಂದರು. ನಾನು ಬಾಗಿಲ ಹಿಂದೆ ನಿಂತಿದ್ದೆ. ನಿಮ್ಮ ಅಜ್ಜ ಬೀಡಿ ಮುಟ್ಟಿದವರಲ್ಲ. ಆ ಮಾತು ಸುಳ್ಳೆಂದರೆ ಬೆಂಕಿ ಹೇಗೆ ಹತ್ತಿತೆಂದು ಕೇಳುತ್ತಾರೆ. ಕೇಳಿದರೆ ನಾನು ಹೇಳಬೇಕಾಗುತ್ತದೆ. ಸೆರಗು ಬಾಯಿಗೆ ಒತ್ತಿಕೊಂಡು ಅಲ್ಲೇ ನಿಂತೆ. ಅವರು ನೀರು ಕುಡಿದು ಹೋದರು.

ಊರು ಅದನ್ನೇ ನಂಬಿತು. ನಿಮ್ಮಪ್ಪನೂ ಅದನ್ನೇ ಕೇಳಿಕೊಂಡು ಬೆಳೆದ. ಅಪ್ಪ ಒಂದು ಬೀಡಿಯ ಆಸೆಗೆ ನಮ್ಮನ್ನು ಬೀದಿಪಾಲು ಮಾಡಿದ ಎಂದು ಅವನು ಸಿಟ್ಟಿನಲ್ಲಿ ಅಂದಾಗಲೆಲ್ಲ ನಾನು ಎದ್ದು ಒಳಗೆ ಹೋಗಿದ್ದೇನೆ. ಈಗ ಅವನ ತಲೆಯೂ ನರೆತಿದೆ. ನಿಮಗೆ ಬರೆಯುತ್ತಿದ್ದೇನೆ; ಅವನೆದುರು ಕೂತು ಹೇಳಲು ನನ್ನಿಂದ ಆಗಿಲ್ಲ, ಇನ್ನು ಆಗುವುದೂ ಇಲ್ಲ.